ಕ್ಯಾಟ್‌ಕಾನ್ ಒಂದನ್ನು ಉಳಿಸಿಕೊಂಡರೆ ಸಾಕೇ?

ದಾವಣಗೆರೆಯಲ್ಲಿ ಗ್ಯಾರೇಜ್ ನಡೆಸುವವರು ಮತ್ತು ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ

ಎರಡು ವರ್ಷದ ಹಿಂದೆ ಚಿತ್ರದುರ್ಗದ ಒಬ್ಬ ಟ್ಯಾಕ್ಸಿ ಚಾಲಕರು ತಮ್ಮ ಡೀಸೆಲ್ ಕಾರನ್ನು ನನ್ನ ಬಳಿಗೆ ತಂದಿದ್ದರು. ಅದು ಬಿಎಸ್-4 ಗಾಡಿ, ಅಂದರೆ ಭಾರತ್ ಸ್ಟೇಜ್ ಎಂಬ ಸರ್ಕಾರಿ ಹೊಗೆ ಮಿತಿಗಳ ನಾಲ್ಕನೆಯ ಹಂತದ್ದು. ಬಂದದ್ದು ಕ್ಲಚ್ ಕೆಲಸಕ್ಕೆ. ಬಾನೆಟ್ ಎತ್ತಿ ನೋಡುವಾಗ ಇಜಿಆರ್ ಪೈಪು, ಅಂದರೆ ಸುಟ್ಟ ಹೊಗೆಯ ಸ್ವಲ್ಪ ಭಾಗವನ್ನು ಇಂಜಿನ್ನಿಗೆ ಮರಳಿಸುವ ಪೈಪು, ಮ್ಯಾನಿಫೋಲ್ಡಿಗೆ ಸೇರುವ ಜಾಗದಲ್ಲಿ, ಬರೀ ಪ್ಯಾಕಿಂಗ್ ಇರಬೇಕಾದ ಕಡೆ, ಕಬ್ಬಿಣದ ತಗಡೊಂದರ ಅಂಚು ಹೊರಗೆ ಇಣುಕುತ್ತಿತ್ತು. ಇದೇನು ಎಂದು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಇಜಿಆರ್ ಬ್ಲಾಂಕ್ ಮಾಡ್ಸಿದೀನಿ ಸಾರ್. ಕ್ಯಾಟ್‌ಕಾನ್ ಮುಟ್ಟಿಲ್ಲ, ಹಂಗೇ ಐತೆ. ಎಮಿಷನ್ ಟೆಸ್ಟೂ ಪಾಸ್ ಆಗೈತೆ" ಎಂದರು. ತಗಡಿನಿಂದ ಇಜಿಆರ್ ದಾರಿ ಮುಚ್ಚುವುದೇ ಬ್ಲಾಂಕ್; ಕ್ಯಾಟ್‌ಕಾನ್ ಎಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಸೈಲೆನ್ಸರ್ ಸಾಲಿನಲ್ಲಿ ಹೊಗೆ ತೊಳೆಯುವ ಡಬ್ಬಿ. ದೋಷ ತೋರಿಸುವ ಚೆಕ್ ಲೈಟ್ ಉರಿಯದಂತೆ ಲ್ಯಾಪ್‌ಟಾಪ್ ಹಚ್ಚಿ ಸಾಫ್ಟ್‌ವೇರಿನಲ್ಲಿಯೂ ಅದನ್ನು ಆಫ್ ಮಾಡಿಸಿದ್ದರು.

ಈ ಮಾತನ್ನು ನೀವೂ ನಿಮ್ಮ ಗ್ಯಾರೇಜಿನಲ್ಲಿ ಕೇಳಿರುತ್ತೀರಿ. ಕೆಲವರು ಗಿರಾಕಿಗೆ ನೀವೇ ಹೇಳಿಯೂ ಇರುತ್ತೀರಿ. ಬೇರೆ ಏನನ್ನು ತೆಗೆದರೂ ಚಿಂತೆಯಿಲ್ಲ, ಹೊಗೆಯನ್ನು ತೊಳೆಯುವ ಡಬ್ಬಿ ಸೈಲೆನ್ಸರ್ ಸಾಲಿನಲ್ಲಿ ಇದ್ದೇ ಇದೆಯಲ್ಲ, ಮುಂದಿನದನ್ನು ಅದು ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಅದರ ಹಿಂದೆ ಇದೆ. ಹಾಗೆ ನಂಬಿದವರು ಕೆಟ್ಟವರಲ್ಲ, ಅವರಿಗೆ ಪಾಪಪ್ರಜ್ಞೆ ಇದೆ ಎಂಬುದಕ್ಕೆ ಆ ಮಾತೇ ಸಾಕ್ಷಿ. ಇಲ್ಲದಿದ್ದರೆ ಕ್ಯಾಟ್‌ಕಾನನ್ನೂ ಬಿಚ್ಚಿ ಗುಜರಿಗೆ ಹಾಕುತ್ತಿದ್ದರು. ಆದರೆ ನಂಬಿಕೆ ಮಾತ್ರ ತಪ್ಪು. ಅದು ಎಲ್ಲೆಲ್ಲಿ ತಪ್ಪು ಎಂಬುದನ್ನು ಒಂದೊಂದೇ ಬಿಡಿಭಾಗ ಹಿಡಿದು ನೋಡೋಣ.

ಮೊದಲು ಡಬ್ಬಿಯನ್ನೇ ನೋಡಿ. ಈ ಮೇಜಿನ ಮೇಲೆ ಇಟ್ಟಿರುವುದು ಪೆಟ್ರೋಲ್ ಕಾರೊಂದರ ಕ್ಯಾಟ್‌ಕಾನ್; ಉದ್ದಕ್ಕೆ ಕೊಯ್ದು ತಂದಿದ್ದೇನೆ. ಒಳಗಿರುವ ಬೂದು ಬಣ್ಣದ ಗಟ್ಟಿ ಪಿಂಗಾಣಿಗೆ ಜೇನುಗೂಡಿನಂತೆ ತೂತುಗಳಿವೆ. ಸಾಮಾನ್ಯವಾಗಿ ಒಂದು ಚದರ ಇಂಚಿಗೆ 400 ತೂತುಗಳು ಇರುತ್ತವೆ. ಅವುಗಳ ಗೋಡೆಗೆ ಅಲ್ಯೂಮಿನಾದ ಒರಟು ಲೇಪ, ಆ ಲೇಪದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಪ್ಲಾಟಿನಂ, ಪಲೇಡಿಯಂ, ರೋಡಿಯಂ. ಮೂರೂ ಸೇರಿದರೆ ಕೆಲವೇ ಗ್ರಾಂ. ಕಾರ್ಬನ್ ಮಾನಾಕ್ಸೈಡ್ ಮತ್ತು ಸುಡದೆ ಉಳಿದ ಹೈಡ್ರೋಕಾರ್ಬನ್ನುಗಳಿಗೆ ಆಮ್ಲಜನಕ ಸೇರಿಸಿ ಅವನ್ನು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗಿಸುವುದು ಒಂದು ಕೆಲಸ. ನೈಟ್ರೋಜನ್ ಆಕ್ಸೈಡುಗಳಿಂದ ಆಮ್ಲಜನಕವನ್ನು ಕಿತ್ತು ಬರೀ ನೈಟ್ರೋಜನ್ ಆಗಿ ಬಿಡುವುದು ಇನ್ನೊಂದು ಕೆಲಸ. ಒಂದು ಕಡೆ ಆಮ್ಲಜನಕ ಕೊಡಬೇಕು, ಇನ್ನೊಂದು ಕಡೆ ಕೀಳಬೇಕು, ಎರಡನ್ನೂ ಒಂದೇ ಡಬ್ಬಿಯಲ್ಲಿ ಒಂದೇ ಹೊತ್ತಿಗೆ ಮಾಡಬೇಕು. ಇದು ನಡೆಯುವುದು ಒಳಗೆ ಬರುವ ಹೊಗೆಯಲ್ಲಿ ಆಮ್ಲಜನಕ ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಇದ್ದಾಗ ಮಾತ್ರ. ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಎಂಬ ಲೆಕ್ಕವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತೀರಿ. ಆ ಲೆಕ್ಕದ ಆಚೀಚೆ ಬಹಳ ಕಿರಿದಾದ ಪಟ್ಟಿಯೊಳಗೆ ಮಾತ್ರ ಮೂರೂ ವಿಷಗಳು ಒಟ್ಟಿಗೆ ಇಳಿಯುತ್ತವೆ. ಗಾಳಿ ಜಾಸ್ತಿಯಾದರೆ ನೈಟ್ರೋಜನ್ ಆಕ್ಸೈಡ್ ಹಾಗೇ ಹೊರಗೆ ಹೋಗುತ್ತದೆ, ಪೆಟ್ರೋಲ್ ಜಾಸ್ತಿಯಾದರೆ ಉಳಿದೆರಡು ಹೋಗುತ್ತವೆ.

ಎರಡನೆಯ ಷರತ್ತು ಕಾವು. ನಮ್ಮ ಊರಿನ ಮಂಡಕ್ಕಿ ಭಟ್ಟಿಯನ್ನು ನೀವೆಲ್ಲ ನೋಡಿದ್ದೀರಿ. ಮರಳು ಸರಿಯಾಗಿ ಕಾದಿದ್ದರೆ ಅಕ್ಕಿ ಬಿದ್ದ ಕ್ಷಣಕ್ಕೆ ಅರಳುತ್ತದೆ. ಕಾಯದ ಮರಳಿಗೆ ಅದೇ ಅಕ್ಕಿಯನ್ನು ಸುರಿದರೆ ಎಷ್ಟು ಹೊತ್ತು ಕೈಯಾಡಿಸಿದರೂ ಅದು ಕೆಂಪಗೆ ಹುರಿದುಕೊಂಡು ಗಟ್ಟಿಯಾಗುತ್ತದೆಯೇ ಹೊರತು ಮಂಡಕ್ಕಿಯಾಗುವುದಿಲ್ಲ. ಕ್ಯಾಟ್‌ಕಾನಿನ ಮರಳು ಕಾಯುವುದು ಸುಮಾರು 250ರಿಂದ 300 ಡಿಗ್ರಿಗೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ಮೊದಲ ಒಂದೆರಡು ನಿಮಿಷ ಅದು ಇದ್ದೂ ಇಲ್ಲದಂತೆ. ಮನೆಯಿಂದ ಹಾಲಿನ ಅಂಗಡಿಗೆ ಕಾರಿನಲ್ಲಿ ಹೋಗಿ ಬರುವವರ ಕ್ಯಾಟ್‌ಕಾನ್ ಕೆಲಸ ಶುರು ಮಾಡುವ ಹೊತ್ತಿಗೆ ಅವರು ಮನೆ ಸೇರಿರುತ್ತಾರೆ. ಇದು ವಿಷಯಾಂತರ; ಆದರೂ ಹೇಳದೆ ಇರಲಾಗಲಿಲ್ಲ.

ಸರಿಯಾದ ಗಾಳಿ, ಸರಿಯಾದ ಕಾವು. ಈ ಎರಡನ್ನೂ ಡಬ್ಬಿ ತಾನಾಗಿ ತಂದುಕೊಳ್ಳಲಾರದು, ಬೇರೆಯವರು ತಂದುಕೊಡಬೇಕು. ಆ ಬೇರೆಯವರು ಯಾರು ಎಂದರೆ, ನಾವು ಬಾನೆಟ್ಟಿನೊಳಗೆ "ಇದೇನು ಕೆಲಸಕ್ಕೆ ಬಾರದ್ದು" ಎಂದು ಬಿಚ್ಚಿ ಮೂಲೆಗೆ ಎಸೆಯುವ ಸಾಮಾನುಗಳು.

ಇವೆಲ್ಲ ಯಾವ ಕ್ರಮದಲ್ಲಿ ಬಂದವು ಎಂದು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಲಾಸ್ ಏಂಜಲೀಸ್ ನಗರದ ಮೇಲೆ ಕವಿಯುತ್ತಿದ್ದ, ಕಣ್ಣು ಉರಿಸುವ ಮಬ್ಬು ಎಲ್ಲಿಂದ ಬರುತ್ತದೆ ಎಂಬುದನ್ನು 1950ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞರು. ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್ ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತದೆ ಎಂದು ಅವರು ತೋರಿಸಿದರು. ಆಮೇಲೆ ಕಾರಿನಲ್ಲಿ ಹೈಡ್ರೋಕಾರ್ಬನ್ ಎಲ್ಲೆಲ್ಲಿಂದ ಹೊರಬೀಳುತ್ತದೆ ಎಂದು ಅಳೆದಾಗ ಸಿಕ್ಕ ಲೆಕ್ಕ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ: ಯಾವ ನಿಯಂತ್ರಣವೂ ಇಲ್ಲದ ಹಳೆಯ ಕಾರಿನಲ್ಲಿ ಸೈಲೆನ್ಸರ್ ಪೈಪಿನಿಂದ ಬರುವುದು ಸುಮಾರು ಶೇ 60, ಇಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿನಿಂದ ಶೇ 20, ಪೆಟ್ರೋಲ್ ಟ್ಯಾಂಕು ಮತ್ತು ಕಾರ್ಬುರೇಟರಿನಿಂದ ಆವಿಯಾಗಿ ಹೋಗುವುದು ಶೇ 20. ಅಂದರೆ ನೂರರಲ್ಲಿ ನಲವತ್ತು ಪಾಲು ಸೈಲೆನ್ಸರ್ ಕಡೆಗೆ ಬರುವುದೇ ಇಲ್ಲ.

ಆದ್ದರಿಂದಲೇ ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ, ಮೊದಲು ಬಂದದ್ದು ಕ್ರ್ಯಾಂಕ್‌ಕೇಸಿನ ಆವಿಯನ್ನು ಇಂಜಿನ್ನಿಗೇ ಮರಳಿಸುವ ಪಿಸಿವಿ ವಾಲ್ವ್. 1960ರ ದಶಕದ ಆರಂಭಕ್ಕೆ. ಆ ದಶಕದ ನಡುವೆ ಹೊಗೆಯ ದಾರಿಗೆ ಊದುವ ಗಾಳಿ ಪಂಪು, 1970ರ ಹೊತ್ತಿಗೆ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲ ಡಬ್ಬಿ, ಅದರ ಬೆನ್ನಿಗೆ ಇಜಿಆರ್. ಕ್ಯಾಟ್‌ಕಾನ್ ಅಲ್ಲಿನ ಹೊಸ ಕಾರುಗಳಿಗೆ ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಲ್ಲಿ, ಎಲ್ಲದರ ನಂತರ. ಆಕ್ಸಿಜನ್ ಸೆನ್ಸರ್ ಜೊತೆಗಿನ, ಮೂರೂ ವಿಷಗಳನ್ನು ಇಳಿಸುವ ಮೂರು ದಾರಿಯ ಕ್ಯಾಟ್‌ಕಾನ್ ಇನ್ನೂ ಒಂದೆರಡು ವರ್ಷ ತಡವಾಗಿ ವೋಲ್ವೊ ಕಾರಿನಲ್ಲಿ ಬಂತು. ಕ್ಯಾಟ್‌ಕಾನ್ ಬಂದ ಮೇಲೆ ಹಳೆಯವುಗಳನ್ನು ಯಾರೂ ಕಿತ್ತುಹಾಕಲಿಲ್ಲ, ಏಕೆಂದರೆ ಒಂದೊಂದೂ ಬೇರೆ ಬೇರೆ ತೂತನ್ನು ಮುಚ್ಚುತ್ತಿತ್ತು.

ನಮ್ಮಲ್ಲಿ ಕ್ರಮ ಬೇರೆ. 1991ರಲ್ಲಿ ಪೆಟ್ರೋಲ್ ಗಾಡಿಗಳಿಗೆ, 1992ರಲ್ಲಿ ಡೀಸೆಲ್ ಗಾಡಿಗಳಿಗೆ ಮೊದಲ ಹೊಗೆ ಮಿತಿಗಳು ಬಂದವು. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟ್‌ಕಾನ್ ಕಡ್ಡಾಯವಾಯಿತು, ಜೊತೆಗೆ ಸೀಸವಿಲ್ಲದ ಪೆಟ್ರೋಲ್ ಸಿಗತೊಡಗಿತು. ದೇಶಕ್ಕೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂದದ್ದು 2000ನೇ ಇಸವಿಯಲ್ಲಿ. ನಡುವಿನ ಆ ಐದು ವರ್ಷ ನಮ್ಮ ಪಿ.ಬಿ. ರಸ್ತೆಯ ಗ್ಯಾರೇಜಿಗೆ ಮುಂಬೈ ನೋಂದಣಿಯ ಕಾರುಗಳು ಅಪರೂಪಕ್ಕೆ ಬರುತ್ತಿದ್ದವು. ಸೀಸದ ಪೆಟ್ರೋಲ್ ಹಾಕಿಸಿಕೊಂಡು ಓಡಿದ ಕ್ಯಾಟ್‌ಕಾನ್ ಕೆಲವೇ ಟ್ಯಾಂಕಿನಲ್ಲಿ ಸತ್ತುಹೋಗುತ್ತದೆ. ಸೀಸವು ಆ ಲೋಹದ ಕಣಗಳ ಮೇಲೆ ಕುಳಿತು ಅವನ್ನು ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಡಬ್ಬಿ ಹೊಸದರಂತೆ ಹೊಳೆಯುತ್ತಿರುತ್ತದೆ. ಡಬ್ಬಿ ಇರುವುದು ಬೇರೆ, ಡಬ್ಬಿ ಬದುಕಿರುವುದು ಬೇರೆ ಎಂಬ ಪಾಠ ನಮಗೆ ಆಗಲೇ ಸಿಕ್ಕಿತ್ತು. ನಾವು ಕಲಿಯಲಿಲ್ಲ.

ಈಗ ಸೈಲೆನ್ಸರ್ ಕಡೆಗೆ ಬಾರದ ಆ ನಲವತ್ತು ಪಾಲಿನ ವಿಷಯಕ್ಕೆ ಬರುತ್ತೇನೆ. ಪಿಸ್ಟನ್ ರಿಂಗುಗಳ ಸಂದಿಯಿಂದ ಸ್ವಲ್ಪ ಗ್ಯಾಸು ಕೆಳಕ್ಕೆ, ಕ್ರ್ಯಾಂಕ್‌ಕೇಸಿಗೆ ಇಳಿಯುತ್ತಲೇ ಇರುತ್ತದೆ. ಸುಡದ ಪೆಟ್ರೋಲು, ನೀರಿನ ಆವಿ, ಎಣ್ಣೆಯ ಮಂಜು ಎಲ್ಲವೂ ಅದರಲ್ಲಿರುತ್ತವೆ. ಪಿಸಿವಿ ವಾಲ್ವ್ ಅದನ್ನು ಮತ್ತೆ ಇನ್‌ಟೇಕಿಗೆ ಎಳೆದು ಸುಡಿಸುತ್ತದೆ. ಕೆಲವು ಹುಡುಗರು ಇನ್‌ಟೇಕಿಗೆ ಎಣ್ಣೆ ಹೋಗುತ್ತದೆ ಎಂದು ಆ ಪೈಪನ್ನು ಬಿಚ್ಚಿ, ತುದಿಯನ್ನು ಗೇರ್‌ಬಾಕ್ಸ್ ಪಕ್ಕಕ್ಕೆ ಇಳಿಬಿಟ್ಟು, ಇನ್‌ಟೇಕ್ ತೂತಿಗೆ ಬೋಲ್ಟು ಜಡಿದು ಬಿಡುತ್ತಾರೆ. ಅಲ್ಲಿಂದ ಹೊರಟ ಹೊಗೆಗೂ ಹಿಂದೆ ಇರುವ ಕ್ಯಾಟ್‌ಕಾನಿಗೂ ಭೇಟಿಯೇ ಆಗುವುದಿಲ್ಲ. ಇಂಜಿನ್ನಿಗಾದರೂ ಒಳ್ಳೆಯದೇ ಎಂದರೆ ಅದೂ ಇಲ್ಲ. ಎಳೆಯುವವರಿಲ್ಲದ ಆವಿ ಎಣ್ಣೆಯಲ್ಲಿ ಸೇರಿ ಹೆಡ್ ಕವರಿನ ಕೆಳಗೆ ಕೆಸರು ಕಟ್ಟುತ್ತದೆ. ಇನ್‌ಟೇಕಿಗೆ ವಿಪರೀತ ಎಣ್ಣೆ ಹೋಗುತ್ತಿದ್ದರೆ ನೋಡಬೇಕಾದದ್ದು ರಿಂಗನ್ನು.

ಇದ್ದಿಲ ಡಬ್ಬಿಯ ಕತೆಯೂ ಹೀಗೆಯೇ. ಬಿಸಿಲಿಗೆ ನಿಂತ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ನಮ್ಮ ಏಪ್ರಿಲ್ ತಿಂಗಳ ಬಿಸಿಲನ್ನು ನಿಮಗೆ ವಿವರಿಸಬೇಕಾಗಿಲ್ಲ. ಆ ಆವಿಯನ್ನು ಕ್ಯಾನಿಸ್ಟರಿನ ಇದ್ದಿಲು ಹೀರಿ ಹಿಡಿದಿಟ್ಟು, ಗಾಡಿ ಓಡುವಾಗ ಪರ್ಜ್ ವಾಲ್ವಿನ ಮೂಲಕ ಇಂಜಿನ್ನಿಗೆ ಕೊಡುತ್ತದೆ. ಗಾಡಿ ನಿಂತಿರುವಾಗ, ಇಂಜಿನ್ ತಣ್ಣಗಿರುವಾಗ, ಸೈಲೆನ್ಸರಿನಿಂದ ಏನೂ ಬಾರದಿರುವಾಗ ನಡೆಯುವ ಮಾಲಿನ್ಯ ಇದು. ಕ್ಯಾಟ್‌ಕಾನ್ ಇದಕ್ಕೆ ಏನು ಮಾಡೀತು? ವಿದ್ಯಾನಗರದ ಒಬ್ಬ ಮನೆಯವರು ಒಮ್ಮೆ ಮನೆಯೊಳಗೆ ಪೆಟ್ರೋಲ್ ವಾಸನೆ ಬರುತ್ತದೆ ಎಂದು ನನ್ನನ್ನು ಕರೆಸಿದರು. ಕಾರು ನಿಲ್ಲುವ ಪೋರ್ಟಿಕೋಗೆ ಅಡುಗೆಮನೆಯ ಕಿಟಕಿ ತಾಗಿಕೊಂಡಿತ್ತು. ಪೈಪು ಸೋರುತ್ತಿದೆಯೇ ಎಂದು ಟ್ಯಾಂಕಿನಿಂದ ಇಂಜಿನ್ನಿನವರೆಗೆ ಕೈಯಾಡಿಸಿದೆ, ಎಲ್ಲಿಯೂ ತೇವವಿರಲಿಲ್ಲ. ಕೊನೆಗೆ ನೋಡಿದರೆ ಕ್ಯಾನಿಸ್ಟರ್ ಇರಬೇಕಾದ ಬ್ರ್ಯಾಕೆಟ್ ಖಾಲಿ; ಟ್ಯಾಂಕಿನಿಂದ ಬರುವ ಆವಿಯ ಪೈಪು ಫೆಂಡರಿನ ಒಳಗೆ ಬಾಯಿ ತೆರೆದುಕೊಂಡು ಕುಳಿತಿತ್ತು. ಹಿಂದೆ ಯಾವುದೋ ಕೆಲಸದಲ್ಲಿ ಯಾರೋ ತೆಗೆದವರು ಮತ್ತೆ ಹಾಕಿರಲಿಲ್ಲ. ಕಿಟಕಿಯ ಆಚೆ, ಕೈಗೆಟುಕುವಷ್ಟು ದೂರದಲ್ಲಿ, ಸ್ಟೌವಿನ ಮೇಲೆ ಅನ್ನ ಬೇಯುತ್ತಿತ್ತು. ನಾನು ಮೊದಲು ಹೇಳಿದ್ದು ಸ್ಟೌ ಆರಿಸಿ ಎಂದು. ಕ್ಯಾನಿಸ್ಟರ್ ವಿಷಯ ಆಮೇಲೆ.

ಗಾಳಿ ಪಂಪಿನ ವಿಷಯ ನಮ್ಮ ಕಾರುಗಳಲ್ಲಿ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ಬೇಗ ಮುಗಿಸುತ್ತೇನೆ. ಆದರೆ "ಬೇರೆಯದನ್ನೆಲ್ಲ ತೆಗೆದು ಕ್ಯಾಟ್ ಮಾತ್ರ ಉಳಿಸಿಕೊಳ್ಳಬಹುದೇ" ಎಂಬ ಪ್ರಶ್ನೆ ಹೆಚ್ಚು ಕೇಳಿಬರುವುದು ಅಮೆರಿಕದ ಹಳೆಯ ಕಾರುಗಳ ಶೋಕಿಯವರಿಂದ, ಮತ್ತು ಅಲ್ಲಿ ಅವರು ಮೊದಲು ಕೈಹಾಕುವುದು ಈ ಪಂಪಿಗೆ. ಎಪ್ಪತ್ತು, ಎಂಬತ್ತರ ದಶಕದ ಆ ಕಾರುಗಳ ಬಾನೆಟ್ಟಿನೊಳಗೆ ವ್ಯಾಕ್ಯೂಮ್ ಪೈಪುಗಳು ಶ್ಯಾವಿಗೆಯಂತೆ ಹರಡಿರುತ್ತವೆ. ಅದನ್ನು ನೋಡಿದವರಿಗೆ ಎಲ್ಲ ಕಿತ್ತುಹಾಕೋಣ ಅನ್ನಿಸುವುದು ಸಹಜ, ಅದನ್ನು ನಾನು ಒಪ್ಪುತ್ತೇನೆ. ಆದರೆ ಆ ಕಾಲದ ಅನೇಕ ಕಾರುಗಳ ಕ್ಯಾಟ್‌ನಲ್ಲಿ ಎರಡು ಕೋಣೆಗಳು. ಇಂಜಿನ್ ತಣ್ಣಗಿರುವಾಗ ಪಂಪಿನ ಗಾಳಿ ಮ್ಯಾನಿಫೋಲ್ಡಿಗೆ ಹೋಗಿ ಅಲ್ಲಿಯೇ ಹೊಗೆಯನ್ನು ಸುಟ್ಟು ಕ್ಯಾಟನ್ನು ಬೇಗ ಕಾಯಿಸುತ್ತದೆ. ಕಾದ ಮೇಲೆ ಅದೇ ಗಾಳಿ ಎರಡು ಕೋಣೆಗಳ ನಡುವೆ ಬಂದು ಸೇರುತ್ತದೆ. ಮುಂದಿನ ಕೋಣೆ ನೈಟ್ರೋಜನ್ ಆಕ್ಸೈಡನ್ನು ಒಡೆಯುತ್ತದೆ, ಹಿಂದಿನ ಕೋಣೆ ಈ ಗಾಳಿಯಿಂದ ಉಳಿದದ್ದನ್ನು ಸುಡುತ್ತದೆ. ಪಂಪು ತೆಗೆದರೆ ಹಿಂದಿನ ಕೋಣೆಗೆ ಆಮ್ಲಜನಕವೇ ಇಲ್ಲ. ಕ್ಯಾಟ್ ಉಳಿಯಿತು, ಅರ್ಧ ಕೆಲಸ ಹೋಯಿತು. ಅಲ್ಲಿಯ ಕಾನೂನಿಗೂ ಇದು ಗೊತ್ತು. ಕ್ಯಾಲಿಫೋರ್ನಿಯಾದ ತಪಾಸಣೆಯಲ್ಲಿ ಪೈಪಿನ ಹೊಗೆ ಅಳೆಯುವುದರ ಜೊತೆಗೆ ಬಾನೆಟ್ ಎತ್ತಿ ಒಂದೊಂದು ಸಾಮಾನೂ ಜಾಗದಲ್ಲಿದೆಯೇ ಎಂದು ಕಣ್ಣಿನಿಂದ ನೋಡುತ್ತಾರೆ.

ನಮ್ಮಲ್ಲಿ ಇದರ ತಮ್ಮನನ್ನು ನೋಡಬೇಕೆಂದರೆ ಬೈಕುಗಳಲ್ಲಿ ನೋಡಬೇಕು. ಸೈಲೆನ್ಸರ್ ಬದಲಾಯಿಸಿದ ಬೈಕು ಪಟಪಟ ಸಿಡಿಯುತ್ತದೆ ಎಂದು ಸಿಲಿಂಡರ್ ಹೆಡ್ಡಿಗೆ ಗಾಳಿ ಕೊಡುವ ರೀಡ್ ವಾಲ್ವಿನ ಪೈಪಿಗೆ ಗೋಲಿ ತುರುಕುವವರು ಈ ಸಭೆಯಲ್ಲಿಯೂ ಇದ್ದೀರಿ. ನಗುತ್ತಿದ್ದೀರಿ ಎಂದರೆ ಇದ್ದೀರಿ.

ಇನ್ನು ಮುಖ್ಯ ವಿಷಯ, ಇಜಿಆರ್. ಸಿಲಿಂಡರಿನೊಳಗೆ ಉರಿಯುವ ಕಾವು ಸುಮಾರು 1500 ಡಿಗ್ರಿ ದಾಟಿದಾಗ ಗಾಳಿಯಲ್ಲಿರುವ ನೈಟ್ರೋಜನ್ನೇ ಆಮ್ಲಜನಕದೊಂದಿಗೆ ಬಿರುಸಾಗಿ ಸೇರತೊಡಗುತ್ತದೆ. ಇಂಧನ ಎಷ್ಟೇ ಶುದ್ಧವಾಗಿದ್ದರೂ ಇದನ್ನು ತಪ್ಪಿಸಲಾಗದು, ಏಕೆಂದರೆ ನೈಟ್ರೋಜನ್ ಬರುವುದು ಗಾಳಿಯಿಂದ. ಈಗಾಗಲೇ ಸುಟ್ಟ ಹೊಗೆಯ ಸ್ವಲ್ಪ ಭಾಗವನ್ನು ಇನ್‌ಟೇಕಿಗೆ ಹಿಂದಿರುಗಿಸಿದರೆ, ಅದು ಉರಿಯದೆ ಸುಮ್ಮನೆ ಕಾವನ್ನು ಹೀರಿಕೊಂಡು ಕೂರುತ್ತದೆ. ಉರಿಯ ತುದಿ ತಗ್ಗುತ್ತದೆ. ಅಷ್ಟೇ ಇಜಿಆರ್ ಕೆಲಸ.

ಪೆಟ್ರೋಲ್ ಕಾರಿನಲ್ಲಿ ಇದನ್ನು ಮುಚ್ಚಿದರೆ ಹೆಚ್ಚಾದ ನೈಟ್ರೋಜನ್ ಆಕ್ಸೈಡಿನ ಒಂದಷ್ಟು ಭಾಗವನ್ನು ಮೂರು ದಾರಿಯ ಕ್ಯಾಟ್ ನಿಭಾಯಿಸುತ್ತದೆ, ಅದು ಬಿಸಿಯಾಗಿದ್ದು ಲೆಕ್ಕ ಸರಿಯಿದ್ದರೆ. ಇಲ್ಲಿ "ಕ್ಯಾಟ್ ಇದೆಯಲ್ಲ" ಎಂಬ ಮಾತಿಗೆ ಕಾಲು ಭಾಗದಷ್ಟಾದರೂ ಹುರುಳಿದೆ. ಕೆಲವು ಇಂಜಿನ್ನುಗಳಲ್ಲಿ ಇಜಿಆರ್ ಹೋದರೆ ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಟಕಟಕ ಬಡಿತ, ಶುರುವಾಗುತ್ತದೆ, ಮೈಲೇಜೂ ಒಂದಿಷ್ಟು ಇಳಿಯುತ್ತದೆ, ಅದು ಬೇರೆ ಮಾತು.

ಡೀಸೆಲ್ ಕಾರಿನಲ್ಲಿ ಆ ಮಾತಿಗೆ ಹುರುಳೇ ಇಲ್ಲ. ಡೀಸೆಲ್ ಇಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಲ್ಲಿ ಓಡುತ್ತದೆ, ಅದರ ಹೊಗೆಯಲ್ಲಿ ಯಾವಾಗಲೂ ಆಮ್ಲಜನಕ ಉಳಿದಿರುತ್ತದೆ. ಅಲ್ಲಿ ಹಾಕುವ ಕ್ಯಾಟ್‌ಕಾನ್ ಸುಡುವ ಕೆಲಸವನ್ನು ಮಾತ್ರ ಮಾಡಬಲ್ಲದು. ಆಮ್ಲಜನಕ ತುಂಬಿರುವ ಜಾಗದಲ್ಲಿ ನೈಟ್ರೋಜನ್ ಆಕ್ಸೈಡಿನಿಂದ ಆಮ್ಲಜನಕ ಕೀಳುವುದು ಅದರಿಂದ ಆಗದು. ತುಂಬಿದ ಕೆರೆಯೊಳಗೆ ನಿಂತು ಬಟ್ಟೆ ಒಣಗಿಸಿದ ಹಾಗೆ. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಅದು ನೈಟ್ರಿಕ್ ಆಕ್ಸೈಡಿನ ಒಂದು ಭಾಗಕ್ಕೆ ಇನ್ನೊಂದು ಆಮ್ಲಜನಕ ಸೇರಿಸಿ ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತದೆ. ಶ್ವಾಸಕೋಶಕ್ಕೆ ಹೆಚ್ಚು ಕೆಡುಕು ಮಾಡುವುದು ಆ ಎರಡನೆಯದೇ. ಡಿಪಿಎಫ್ ಎಂಬ ಮಸಿ ಸೋಸುವ ಫಿಲ್ಟರ್ ಇರುವ ಗಾಡಿಯಲ್ಲಿ ಆ ನೈಟ್ರೋಜನ್ ಡೈಆಕ್ಸೈಡಿಗೆ ಮಸಿ ಸುಡುವ ಉಪಯೋಗವಾದರೂ ಇದೆ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಚಿತ್ರದುರ್ಗದ ಆ ಕಾರಿನಂಥ ಬಿಎಸ್-4 ಡೀಸೆಲ್ಲಿನಲ್ಲಿ ನೈಟ್ರೋಜನ್ ಆಕ್ಸೈಡನ್ನು ತಡೆಯುವ ಒಂದೇ ಬಾಗಿಲು ಇಜಿಆರ್. ಆ ಗಾಡಿಗೆ ಇದ್ದ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂ. ಬಿಎಸ್-6 ಬಂದಾಗ, ಅಂದರೆ 2020ರ ಏಪ್ರಿಲ್‌ನಿಂದ, ಅದು 80ಕ್ಕೆ ಇಳಿಯಿತು. ಬಾಗಿಲನ್ನು ತಗಡಿನಿಂದ ಮುಚ್ಚಿದ ಮೇಲೆ ಹಿಂದೆ ಇರುವ ಡಬ್ಬಿ ಆ ಲೆಕ್ಕಕ್ಕೆ ಸೊನ್ನೆ.

ಹಾಗಾದರೆ ಎಮಿಷನ್ ಟೆಸ್ಟ್ ಹೇಗೆ ಪಾಸಾಯಿತು? ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ನಮ್ಮ ತಪಾಸಣಾ ಕೇಂದ್ರದಲ್ಲಿ ಪೆಟ್ರೋಲ್ ಗಾಡಿಗೆ ಅಳೆಯುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಬಿಎಸ್-4 ಕಾರಿಗೆ ಐಡಲಿಂಗಿನಲ್ಲಿ ಮಿತಿ ಶೇ 0.3 ಮತ್ತು 200 ಪಿಪಿಎಂ. ಡೀಸೆಲ್ ಗಾಡಿಗೆ ಅಳೆಯುವುದು ಹೊಗೆಯ ಕಪ್ಪು ಮಾತ್ರ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಬೆಳಕು ಎಷ್ಟು ತಡೆಯಿತು ಎಂದು ನೋಡುತ್ತಾರೆ, ಆ ಅಳತೆಯಲ್ಲಿ ಬಿಎಸ್-4ಕ್ಕೆ ಮಿತಿ 1.62. ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ತಮಾಷೆ ಇಲ್ಲಿಗೆ ನಿಲ್ಲುವುದಿಲ್ಲ. ಇಜಿಆರ್ ಇದ್ದಾಗ ಸಿಲಿಂಡರಿಗೆ ಹೋಗುವ ಆಮ್ಲಜನಕ ಕಡಿಮೆಯಾಗಿ ಮಸಿ ಸ್ವಲ್ಪ ಹೆಚ್ಚಾಗುತ್ತದೆ. ಮುಚ್ಚಿದರೆ ಮಸಿ ಕಡಿಮೆಯಾಗುತ್ತದೆ. ಆದ್ದರಿಂದ ಇಜಿಆರ್ ಮುಚ್ಚಿಸಿಕೊಂಡ ಗಾಡಿಯ ಪೈಪು ಹೆಚ್ಚು ಸ್ವಚ್ಛವಾಗಿ ಕಾಣುತ್ತದೆ, ಚಾಲಕರಿಗೆ ಪಿಕಪ್ ಚೆನ್ನಾಗಿದೆ ಅನ್ನಿಸುತ್ತದೆ, ಹೊಗೆ ಪರೀಕ್ಷೆಯಲ್ಲಿಯೂ ಅಂಕಿ ಇಳಿಯುತ್ತದೆ. ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ, ಗಿರಾಕಿ ಕಂಡದ್ದು ಸುಳ್ಳಲ್ಲ, ಸರ್ಟಿಫಿಕೇಟೂ ಸುಳ್ಳಲ್ಲ. ಕಣ್ಣಿಗೆ ಕಾಣುವ ವಿಷ ಕಡಿಮೆಯಾಗಿ ಕಾಣದ ವಿಷ ಹೆಚ್ಚಾಗಿರುತ್ತದೆ, ಅಷ್ಟೇ. ಈ ಇಡೀ ವ್ಯವಹಾರ ಇಷ್ಟು ಸಲೀಸಾಗಿ ನಡೆಯುವುದಕ್ಕೆ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ.

2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳ ಪ್ರಕರಣ ಹೊರಬಂದದ್ದು ಹಿರಿಯರಿಗೆ ನೆನಪಿರಬಹುದು. ಆ ಕಾರುಗಳಿಂದ ಯಾವ ಸಾಮಾನನ್ನೂ ಯಾರೂ ಬಿಚ್ಚಿರಲಿಲ್ಲ. ಪರೀಕ್ಷೆಯ ರೋಲರ್ ಮೇಲೆ ಇದ್ದೇನೆ ಎಂದು ಸಾಫ್ಟ್‌ವೇರಿಗೆ ಗೊತ್ತಾದಾಗ ಎಲ್ಲ ನಿಯಂತ್ರಣಗಳೂ ಪೂರ್ತಿ ಕೆಲಸ ಮಾಡುತ್ತಿದ್ದವು, ರಸ್ತೆಗೆ ಇಳಿದಾಗ ಮಲಗುತ್ತಿದ್ದವು. ರಸ್ತೆಯಲ್ಲಿ ಮಿತಿಗಿಂತ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಬರುತ್ತಿತ್ತು ಎಂದು ಅಮೆರಿಕದ ಪರಿಸರ ಸಂಸ್ಥೆ ಹೇಳಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳು. ಲ್ಯಾಪ್‌ಟಾಪ್ ಹಚ್ಚಿ "ಇಜಿಆರ್ ಆಫ್" ಮಾಡುವಾಗ ನಮ್ಮ ಹುಡುಗರು ಮಾಡುವುದು ಅದನ್ನೇ, ಒಂದೊಂದೇ ಗಾಡಿಗೆ.

ಉಳಿದದ್ದು ಸೆನ್ಸರುಗಳು. ಪೆಟ್ರೋಲ್ ಕಾರಿನಲ್ಲಿ ಕ್ಯಾಟ್‌ಕಾನಿನ ಮುಂದೆ ಒಂದು, ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಮುಂದಿನದು ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡಿಸುತ್ತದೆ. ನಾನು ಮೊದಲು ಹೇಳಿದ ಕಿರಿದಾದ ಪಟ್ಟಿಯೊಳಗೆ ಲೆಕ್ಕವನ್ನು ಹಿಡಿದಿಡುವುದು ಅದೇ. ಈಗ ಬಂಕುಗಳಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬರುತ್ತಿರುವುದರಿಂದ ಆ 14.7ರ ಲೆಕ್ಕವೇ ಸುಮಾರು 13.5ಕ್ಕೆ ಇಳಿದಿದೆ. ಅದನ್ನು ಹೊಂದಿಸಿಕೊಳ್ಳುವುದೂ ಇದೇ ಸೆನ್ಸರ್, ಆದ್ದರಿಂದ ಅದರ ಬೆಲೆ ಈಗ ಮೊದಲಿಗಿಂತ ಹೆಚ್ಚು. ಹಿಂದಿನದು ಕ್ಯಾಟ್ ಬದುಕಿದೆಯೇ ಎಂದು ನೋಡುವ ಕಾವಲುಗಾರ. ಸ್ಕ್ಯಾನರಿನಲ್ಲಿ ಕ್ಯಾಟ್ ಸೋತಿದೆ ಎನ್ನುವ ಪಿ 0420 ಎಂಬ ಕೋಡ್ ಬಂದ ಕೂಡಲೇ ಹಿಂದಿನ ಸೆನ್ಸರಿಗೆ ಸ್ಪೇಸರ್ ಹಾಕಿ ಹೊಗೆಯಿಂದ ದೂರ ಎತ್ತಿಡುವ ಚಾಳಿ ಇದೆ. ಅದರಿಂದ ಹೊಗೆ ಹೆಚ್ಚುವುದಿಲ್ಲ, ನಿಜ. ಆದರೆ ಕ್ಯಾಟ್ ಯಾಕೆ ಸಾಯುತ್ತಿದೆ ಎಂದು ಕೇಳುವವರು ಇಲ್ಲವಾಗುತ್ತಾರೆ. ಎಣ್ಣೆ ಸುಡುವ ಇಂಜಿನ್ನಿನಿಂದ ಬರುವ ರಂಜಕ, ತಪ್ಪು ಜಾಗದಲ್ಲಿ ಬಳಿದ ಸಿಲಿಕಾನ್ ಪೇಸ್ಟು, ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದ ಸಣ್ಣ ಮಿಸ್‌ಫೈರ್, ಯಾವುದೂ ಇರಬಹುದು.

ಮಿಸ್‌ಫೈರ್ ಎಂದೆ. ಈಗ ಮೇಜಿನ ಮೇಲಿನ ಈ ಡಬ್ಬಿಯ ಕತೆ ಹೇಳಬೇಕು, ಏಕೆಂದರೆ ಅದರ ತಪ್ಪು ನನ್ನದು. ಪರಿಚಯದವರೊಬ್ಬರು ಹಿರಿಯೂರಿನಿಂದ ಫೋನ್ ಮಾಡಿ, ಗಾಡಿ ನಡುಗುತ್ತಿದೆ, ಚೆಕ್ ಲೈಟ್ ಮಿಣುಕುತ್ತಿದೆ ಎಂದರು. ನಾನು ಬೇರೆ ಕೆಲಸದ ಗಡಿಬಿಡಿಯಲ್ಲಿದ್ದೆ. ಕಿಡಿ ಕೊಡುವ ಕಾಯಿಲ್ ಹೋಗಿರುತ್ತದೆ, ಮೂರು ಸಿಲಿಂಡರಿನಲ್ಲಿ ನಿಧಾನವಾಗಿ ದಾವಣಗೆರೆಗೆ ಬಂದುಬಿಡಿ, ಇಲ್ಲಿ ಹಾಕೋಣ ಎಂದೆ. ಸುಮಾರು ನೂರು ಕಿಲೋಮೀಟರ್. ಲೈಟ್ ಸುಮ್ಮನೆ ಉರಿಯುವುದಕ್ಕೂ ಮಿಣುಕುವುದಕ್ಕೂ ವ್ಯತ್ಯಾಸವಿದೆ. ಮಿಣುಕುತ್ತಿದೆ ಎಂದರೆ ಸುಡದ ಪೆಟ್ರೋಲ್ ಕ್ಯಾಟ್‌ಕಾನಿಗೆ ಹೋಗಿ ಅಲ್ಲಿ ಉರಿಯುತ್ತಿದೆ, ಗಾಡಿ ನಿಲ್ಲಿಸು ಎಂದರ್ಥ. ತರಗತಿಯಲ್ಲಿ ನಾನೇ ಹೇಳಿಕೊಡುತ್ತಿದ್ದ ಮಾತು. ಅವರು ಆನಗೋಡು ದಾಟುವ ಹೊತ್ತಿಗೆ ಗಾಡಿ ಮೂರನೇ ಗೇರಿಗಿಂತ ಮೇಲೆ ಎಳೆಯುತ್ತಿರಲಿಲ್ಲ. ಕೊಯ್ದ ಈ ಬದಿಯಲ್ಲಿ ನೋಡಿ: ಮುಂದಿನ ಎರಡು ಬೆರಳಗಲ ತೂತುಗಳು ಚೆನ್ನಾಗಿವೆ, ಆಮೇಲೆ ಪಿಂಗಾಣಿಯೇ ಕರಗಿ, ಗಟ್ಟಿಯಾದ ಬೆಲ್ಲದ ಪಾಕದಂತೆ ಹೊಳೆಯುತ್ತಾ, ಒಂದೂ ತೂತಿಲ್ಲದೆ ಮುಚ್ಚಿಕೊಂಡಿದೆ. ಸಾವಿರ ಡಿಗ್ರಿಗಿಂತ ಎಷ್ಟೋ ಮೇಲೆ ಹೋದರೆ ಮಾತ್ರ ಹೀಗಾಗುತ್ತದೆ. ಕಾಯಿಲ್ ಒಂದರ ಬದಲು ಕ್ಯಾಟ್‌ಕಾನಿನ ದುಡ್ಡನ್ನೂ ತೆರಬೇಕಾಯಿತು. ಅದರಲ್ಲಿ ಅರ್ಧ ನಾನು ಕೊಟ್ಟೆ.

ಕಾನೂನಿನ ಬಗ್ಗೆ ಎರಡೇ ಮಾತು. ತಯಾರಕರು ಕೊಟ್ಟ ರೂಪದಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ವಾಯುಮಾಲಿನ್ಯದ ಮಾನದಂಡ ಮೀರಿದ ಗಾಡಿ ಓಡಿಸಿದರೆ 190ನೇ ಕಲಮಿನ ಪ್ರಕಾರ, 2019ರ ತಿದ್ದುಪಡಿಯ ನಂತರ, 10,000 ರೂಪಾಯಿವರೆಗೆ ದಂಡವಿದೆ. ಕ್ಯಾಟ್ ಇದ್ದರೆ ವಿನಾಯಿತಿ ಎಂದು ಎಲ್ಲಿಯೂ ಬರೆದಿಲ್ಲ.

ಹಾಗೆಂದು ಇಜಿಆರ್ ಕಟ್ಟಿಕೊಳ್ಳುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕಟ್ಟಿಕೊಳ್ಳುತ್ತದೆ. ಹೊಗೆಯ ಮಸಿ, ಕ್ರ್ಯಾಂಕ್‌ಕೇಸಿನಿಂದ ಬಂದ ಎಣ್ಣೆಯ ಮಂಜು ಎರಡೂ ಸೇರಿ ಇನ್‌ಟೇಕಿನೊಳಗೆ ಡಾಂಬರಿನಂತೆ ಮೆತ್ತಿಕೊಳ್ಳುತ್ತವೆ, ವಾಲ್ವ್ ತೆರೆದಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಗಾಡಿ ಕಪ್ಪು ಹೊಗೆ ಬಿಡುತ್ತದೆ. ಹೊಸ ವಾಲ್ವಿನ ಬೆಲೆ ಕೇಳಿದ ಗಿರಾಕಿಗೆ ತಗಡಿನ ಬೆಲೆ ಹೇಳಿದರೆ ಅವನು ಯಾವುದನ್ನು ಆರಿಸಿಯಾನು ಎಂಬುದು ನನಗೂ ಗೊತ್ತು. ಆದರೆ ಈ ಎರಡರ ನಡುವೆ ಮೂರನೆಯ ಕೆಲಸವೊಂದಿದೆ, ನಾವು ಅದನ್ನು ಗಿರಾಕಿಯ ಮುಂದೆ ಇಡುವುದೇ ಇಲ್ಲ: ಬಿಚ್ಚಿ ತೊಳೆಯುವುದು, ಮತ್ತು ಬೇಗ ಯಾಕೆ ಕಟ್ಟಿತು ಎಂದು ಹುಡುಕುವುದು.

ಚಿತ್ರದುರ್ಗದ ಕಾರಿನಲ್ಲಿ ಅದನ್ನೇ ಮಾಡಿದೆವು. ಕ್ಲಚ್ ಕೆಲಸಕ್ಕೆ ಗಾಡಿ ಹೇಗೂ ಎರಡು ದಿನ ನಿಂತಿತ್ತು. ಚಾಲಕರಿಗೆ ಈಗ ನಿಮಗೆ ಹೇಳಿದ್ದರಲ್ಲಿ ಕಾಲು ಭಾಗ ಹೇಳಿದ್ದೆ. ಅವರು "ನೋಡ್ರಿ ಸಾರ್, ಪಿಕಪ್ ಹೋಗಬಾರದು ಅಷ್ಟೇ" ಎಂದು ಒಪ್ಪಿದರು. ವಾಲ್ವ್, ಕೂಲರ್, ಇನ್‌ಟೇಕ್ ಮೂರನ್ನೂ ಇಳಿಸಿ ಕೆರೆದು ತೊಳೆಯಲು ಒಬ್ಬ ಹುಡುಗನಿಗೆ ಒಂದು ಇಡೀ ಹಗಲು ಹಿಡಿಯಿತು. ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಕೆಳಬದಿಯಲ್ಲಿ, ಕ್ಲಾಂಪಿನ ಮರೆಯಲ್ಲಿ, ಉಗುರಿನಷ್ಟು ಉದ್ದದ ಸೀಳು ಸಿಕ್ಕಿತು. ಒತ್ತಡದ ಗಾಳಿ ಅಲ್ಲಿ ಸೋರಿ, ಇಂಜಿನ್ನಿಗೆ ಗಾಳಿ ಸಾಲದೆ ಮಸಿ ಹೆಚ್ಚಾಗಿ, ಆ ಮಸಿಯೇ ವಾಲ್ವನ್ನು ಕಟ್ಟಿಸಿತ್ತು. ತಗಡು ಹಾಕಿದವರು ಆ ಪೈಪನ್ನು ಮುಟ್ಟಿ ನೋಡಿರಲಿಲ್ಲ, ಸೀಳು ಅಷ್ಟೂ ದಿನ ಹಾಗೇ ಇತ್ತು. ಪೈಪು ಬದಲಾಯಿಸಿ, ತಗಡು ತೆಗೆದು, ಸಾಫ್ಟ್‌ವೇರನ್ನು ಕಂಪನಿಯ ಮೂಲ ಫೈಲಿಗೆ ಮರಳಿಸಿ ಕಳಿಸಿದೆವು. ಆರು ತಿಂಗಳ ನಂತರ ಅವರು ಬ್ರೇಕ್ ಪ್ಯಾಡಿಗೆಂದು ಬಂದಾಗ ಪಿಕಪ್ ಬಗ್ಗೆ ನಾನೇ ಕೇಳಿದೆ. ಅದರ ಬಗ್ಗೆ ತಕರಾರಿಲ್ಲ, ಕ್ಲಚ್ ಮಾತ್ರ ಸ್ವಲ್ಪ ಗಟ್ಟಿಯಿದೆ ಎಂದರು.

ಆ ತಗಡು ಇಲ್ಲಿದೆ. ಎರಡು ಮಿಲಿಮೀಟರ್ ದಪ್ಪ, ಬೋಲ್ಟಿಗೆ ಎರಡು ತೂತು. ಒಂದು ಮುಖ ತುಕ್ಕು ಹಿಡಿದಿದೆ, ಹೊಗೆ ಬಡಿಯುತ್ತಿದ್ದ ಇನ್ನೊಂದು ಮುಖದ ಮೇಲೆ ಪೈಪಿನ ಬಾಯಿಯಷ್ಟೇ ಅಗಲದ ಕಪ್ಪು ವೃತ್ತವಿದೆ. ನೋಡಬೇಕೆನ್ನುವವರು ಮುಂದೆ ಬಂದು ಕೈಗೆತ್ತಿಕೊಂಡು ನೋಡಬಹುದು. ಒರೆಸಿಕೊಳ್ಳಲು ಬಟ್ಟೆ ಪಕ್ಕದಲ್ಲಿಯೇ ಇಟ್ಟಿದ್ದೇನೆ.